ಬಿಗೋನಿಯ ಸಸಿಗಳನ್ನು ಕೊಳ್ಳುವಾಗ ಬಗೆಯನ್ನು ಗುರುತಿಸುವ ಕ್ರಮ

ಮನೆಯಂಗಳ, ಶಾಲೆಯ ಕೈತೋಟ, ಪಂಚಾಯಿತಿ ಕಚೇರಿಯ ಮುಂಭಾಗ ಮುಂತಾದ ಸ್ಥಳಗಳ ಅಲಂಕಾರಕ್ಕಾಗಿ ಗ್ರಾಮಸ್ಥರು ಪೇಟೆಯಿಂದ ಬಿಗೋನಿಯ ಸಸಿಗಳನ್ನು ಕೊಂಡು ತರುವುದುಂಟು. ಹೂವಿನ ಅಂದಕ್ಕೆ ಮನಸೋತು ತಂದ ಸಸಿಯು ಕೆಲವೇ ತಿಂಗಳಲ್ಲಿ ಬಾಡಿಹೋದರೆ ಹಣವೂ ಶ್ರಮವೂ ವ್ಯರ್ಥವಾಗುವುವು. ಇದಕ್ಕೆ ಮಾರುವವನ ಮೋಸವೇ ಕಾರಣವೆಂದು ಭಾವಿಸಬೇಕಾದುದಿಲ್ಲ. ಸ್ಥಳದ ಹವೆಗೆ ಒಗ್ಗದ ಬಗೆಯನ್ನು ಆರಿಸಿದುದೇ ಅನೇಕ ವೇಳೆ ಕಾರಣವಾಗಿರುವುದು.

ಬಿಗೋನಿಯದಲ್ಲಿ 2,000ಕ್ಕೂ ಮಿಕ್ಕಿದ ಜಾತಿಗಳುಂಟು. ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಕೆಲವು ತಾವಾಗಿಯೇ ಬೆಳೆಯುತ್ತವೆ. ಎಲೆಯ ನಡುನರದ ಎರಡು ಪಾರ್ಶ್ವಗಳು ಸಮವಾಗಿಲ್ಲದಿರುವುದೂ, ಹೆಣ್ಣು ಹೂವಿನ ಹಿಂಬದಿಯಲ್ಲಿ ರೆಕ್ಕೆಗಳುಳ್ಳ ಕಾಯಿ ಇರುವುದೂ ಇವುಗಳ ಸಾಮಾನ್ಯ ಲಕ್ಷಣ. ಕೊಳ್ಳುವವರು ಹೂವನ್ನು ಬಿಟ್ಟು ಬುಡವನ್ನು ಪರೀಕ್ಷಿಸಿದರೆ ಈ ಕೆಳಗಿನ ನಾಲ್ಕು ಬಗೆಗಳನ್ನು ಸುಲಭವಾಗಿ ತಿಳಿಯಬಹುದು.

1. ನಾರುಬೇರಿನ ಬಗೆ.— ಬುಡದಲ್ಲಿ ಗೆಡ್ಡೆಯಿರದೆ ಸಣ್ಣ ಬೇರುಗಳು ಮಾತ್ರ ಇರುವುವು. ಗಿಡವು ಗಿಡ್ಡ, ಎಲೆಯು ಮೇಣ ಸವರಿದಂತೆ ಹೊಳೆಯುವುದು. ಬೆಳಗಿನ ಬಿಸಿಲನ್ನು ತಡೆದುಕೊಂಡು ಬಹುಕಾಲ ಹೂ ಬಿಡುವುದು.

2. ಗಣ್ಣಿನ ಬಗೆ.— ಕಾಂಡವು ಬಿದಿರಿನಂತೆ ಗಣ್ಣುಗಣ್ಣಾಗಿ ನೆಟ್ಟಗೆ ಬೆಳೆಯುವುದು. ಎಲೆ ಉದ್ದ, ಕೆಲವುಗಳಲ್ಲಿ ಬೆಳ್ಳಿಯ ಚುಕ್ಕೆಗಳುಂಟು. ಹೂಗಳು ಗೊಂಚಲಾಗಿ ಜೋಲುವುವು. ಕಡ್ಡಿಯನ್ನು ನೆಟ್ಟು ವೃದ್ಧಿಮಾಡಬಹುದು.

3. ಹರಿಗಾಂಡದ ಬಗೆ.— ಶುಂಠಿಯಂತಹ ದಪ್ಪ ಕಾಂಡವು ಮಣ್ಣಿನ ಮೇಲೆಯೇ ಹರಿದಿರುವುದು. ಅಸ್ಸಾಮಿನ ಕಡೆಯದಾಗಿ, 1857ರಲ್ಲಿ ಸಸ್ಯಶಾಸ್ತ್ರಜ್ಞರಿಂದ ಹೆಸರು ಪಡೆದ ‘ರೆಕ್ಸ್’ ಈ ಬಗೆಗೆ ಸೇರಿದುದು. ಇದನ್ನು ಬಣ್ಣದ ಎಲೆಗಾಗಿ ಕೊಳ್ಳತಕ್ಕದ್ದೇ ಹೊರತು ಹೂವಿಗಾಗಿಯಲ್ಲ. ನೆರಳು ಅವಶ್ಯಕ, ಕಾಂಡವನ್ನು ಆಳವಾಗಿ ಹೂಳಬಾರದು.

4. ಗೆಡ್ಡೆಯ ಬಗೆ.— ಬುಡದ ಮಣ್ಣನ್ನು ಬೆರಳಿನಿಂದ ಕೆದಕಿದರೆ ಚಪ್ಪಟೆಯಾದ ಗೆಡ್ಡೆಯು ಸಿಕ್ಕುವುದು. ಗುಲಾಬಿಯಂತಹ ದೊಡ್ಡ ಹೂಗಳಿಂದ ಎಲ್ಲರ ಕಣ್ಣನ್ನೂ ಸೆಳೆಯುವುದು ಇದೇ. ನಷ್ಟಕ್ಕೆ ಗುರಿಮಾಡುವುದೂ ಇದೇ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜಾತಿಗಳಿಂದ ಸಂಕರಗೊಳಿಸಿದುದಾದ್ದರಿಂದ ಇದು ತಂಪನ್ನು ಬಯಸುವುದು. ಬಯಲುಸೀಮೆಯ ಬೇಸಗೆಯನ್ನು ಸಹಿಸದು. ಇದಲ್ಲದೆ ವರ್ಷದಲ್ಲಿ ಕೆಲವು ಕಾಲ ಎಲೆಕಾಂಡಗಳು ಒಣಗಿ ಗೆಡ್ಡೆಯು ವಿಶ್ರಮಿಸುವುದು. ಆಗ ಗಿಡ ಸತ್ತಿತೆಂದು ಬಿಸಾಡತಕ್ಕದ್ದಲ್ಲ. ನೀರನ್ನು ನಿಲ್ಲಿಸಿ ಗೆಡ್ಡೆಯನ್ನು ಒಣಜಾಗದಲ್ಲಿರಿಸಿ, ಮತ್ತೆ ಚಿಗುರುವಾಗ ಗುಳಿಯಿರುವ ಭಾಗವು ಮೇಲಾಗುವಂತೆ ನೆಡಬೇಕು.

ಬಗೆ ಯಾವುದೇ ಆಗಲಿ, ಬುಡವು ಮೆತ್ತಗಾಗಿದ್ದರೆ ಕೊಳೆ ಹತ್ತಿದೆಯೆಂದೂ, ಎಲೆಯ ಮೇಲೆ ಬಿಳಿಯ ಹುಡಿಯಿದ್ದರೆ ಬೂದಿರೋಗವೆಂದೂ ತಿಳಿದು ಅಂತಹ ಸಸಿಯನ್ನು ಬಿಡತಕ್ಕದ್ದು. ಪೂರ್ಣವಾಗಿ ಅರಳಿದುದಕ್ಕಿಂತ ಮೊಗ್ಗುಗಳುಳ್ಳ ಸಸಿಯು ಲೇಸು. ಗೆಡ್ಡೆಯನ್ನೇ ಕೊಳ್ಳುವುದಾದರೆ ಒತ್ತಿದಾಗ ಗಟ್ಟಿಯಾಗಿರುವುದನ್ನು ಆರಿಸಬೇಕು.

ಒಟ್ಟಿನಲ್ಲಿ, ಬಯಲುಸೀಮೆಯ ಅಂಗಳದ ಪಾತಿಗೆ ಮೊದಲನೆಯದೂ, ಜಗಲಿಯ ಕುಂಡಗಳಿಗೆ ಎರಡನೆಯದೂ ಮೂರನೆಯದೂ ಯೋಗ್ಯವಾದುವು. ಗೆಡ್ಡೆಯ ಬಗೆಯನ್ನು ತಂಪಾದ ಮಲೆಯ ಪ್ರದೇಶದವರು ಬೆಳೆಸುವುದು ಉಚಿತ. ಸಾರ್ವಜನಿಕರ ಹಣದಿಂದ ಸಸಿಗಳನ್ನು ಕೊಳ್ಳುವ ಮುಖಂಡರು ಮೊದಲು ಬುಡವನ್ನು ನೋಡಿ, ಅನಂತರ ಬೆಲೆಯನ್ನು ಕೇಳುವುದು ವಿಹಿತವಾಗಿದೆ.