ಹಳೆಯ ಜೀಪು ಮಾರುವವನ ಎರಡು ಹೊಣೆಗಳು

ಮಾರಾಟ ಎಂದರೆ ಹಣ ಎಣಿಸಿ ಕೀಲಿ ಕೊಡುವುದಷ್ಟೇ ಅಲ್ಲ. ಇದನ್ನು ಹಳೆಯ ಜೀಪೊಂದರ ಉದಾಹರಣೆಯಿಂದ ತಿಳಿಯೋಣ.

ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಜೀಪುಗಳನ್ನು ತಯಾರಿಸಿದವು. ನಾಲ್ಕೂ ಚಕ್ರಗಳಿಗೆ ಇಂಜಿನ್‌ನ ಬಲ ಸಿಗುವುದರಿಂದ ಅವು ಕೆಸರಿನಲ್ಲೂ ಏರಿನಲ್ಲೂ ಸಾಗುತ್ತಿದ್ದವು. ನಮ್ಮಲ್ಲಿ 1945ರಲ್ಲಿ ಮಹೀಂದ್ರ ಸಹೋದರರೂ ಮಲಿಕ್ ಗುಲಾಮ್ ಮುಹಮ್ಮದರೂ ಸೇರಿ ‘ಮಹೀಂದ್ರ ಆ್ಯಂಡ್ ಮುಹಮ್ಮದ್’ ಕಂಪನಿ ಕಟ್ಟಿದರು. ದೇಶವಿಭಜನೆಯ ಬಳಿಕ ಮುಹಮ್ಮದ್ ಪಾಕಿಸ್ತಾನಕ್ಕೆ ಹೋದರು. 1948ರಲ್ಲಿ ಕಂಪನಿಯ ಹೆಸರು ‘ಮಹೀಂದ್ರ ಆ್ಯಂಡ್ ಮಹೀಂದ್ರ’ ಎಂದಾಯಿತು. ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಿದ್ದು ಇದೇ ಕಂಪನಿ. ಕೊಡಗು, ಮಲೆನಾಡಿನ ತೋಟದ ದಾರಿಗಳಲ್ಲಿ ಹಳೆಯ ಜೀಪುಗಳು ಈಗಲೂ ಕಾಣಸಿಗುತ್ತವೆ.

ಮೊದಲ ಹೊಣೆ, ದೋಷವನ್ನು ತಿಳಿಸುವುದು. ಹಳೆಯ ಜೀಪಿನ ಚಾಸಿಗೆ ತುಕ್ಕು ಹಿಡಿದಿರಬಹುದು, ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸಿರಬಹುದು. ಹೊಸ ಬಣ್ಣ ಇವನ್ನೆಲ್ಲ ಮುಚ್ಚುತ್ತದೆ. 1930ರ ಸರಕು ಮಾರಾಟ ಕಾಯ್ದೆಯ ಸಾಮಾನ್ಯ ನಿಯಮವೆಂದರೆ, ಕೊಳ್ಳುವವನೇ ಎಚ್ಚರವಾಗಿರಬೇಕು. ಆದರೆ ಬೇಕೆಂದೇ ದೋಷ ಮರೆಮಾಚಿದರೆ 1872ರ ಕರಾರು ಕಾಯ್ದೆಯಂತೆ ಅದು ವಂಚನೆ. ಇಸ್ಲಾಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೊತ್ತಿರುವ ದೋಷವನ್ನು ಹೇಳುವ ಹೊಣೆಯನ್ನು ಮಾರುವವನ ಮೇಲೆಯೇ ಹೊರಿಸುತ್ತದೆ. ಪ್ರವಾದಿ(ಸ)ಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒದ್ದೆ ತಾಗಿತು. ಮಳೆ ಬಿದ್ದಿತ್ತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆ ಧಾನ್ಯವನ್ನು ಮೇಲೇಕೆ ಇಡಲಿಲ್ಲ ಎಂದು ಅವರು ಕೇಳಿದ ಪ್ರಸಂಗ ಹದೀಸ್‌ನಲ್ಲಿದೆ. ಬಣ್ಣದಡಿಯ ತುಕ್ಕೂ ರಾಶಿಯೊಳಗಿನ ಒದ್ದೆಯೂ ಒಂದೇ.

ಎರಡನೇ ಹೊಣೆ ಕಾಗದಪತ್ರದ್ದು. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ, ರಾಜ್ಯದೊಳಗೇ ಮಾರಿದರೆ ಮಾರಿದವನು 14 ದಿನಗಳೊಳಗೆ ಆರ್‌ಟಿಒಗೆ ವರದಿ ಮಾಡಬೇಕು. ಕೊಂಡವನು 30 ದಿನಗಳೊಳಗೆ ತಿಳಿಸಬೇಕು. ಇದಕ್ಕೆ ಫಾರಂ 29 ಮತ್ತು 30 ಇವೆ. ಹೆಸರು ಬದಲಾಗದೆ ಅಪಘಾತವಾದರೆ? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ. ವರ್ಷಗಳ ಹಿಂದೆ ಮಾರಿದ ಗಾಡಿಗಾಗಿಯೂ ಒಂದು ಕುಟುಂಬ ಸಾಲಕ್ಕೆ ಬೀಳಬಹುದು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಮಾರಾಟಕ್ಕೆ ಸಾಕ್ಷಿಗಳಿರಬೇಕು ಎಂಬ ಸೂರಃ ಅಲ್‌ಬಕರದ 282ನೇ ವಚನದ ಆದೇಶದ ಹಿಂದಿನ ವಿವೇಕ ಇಲ್ಲಿ ಅರ್ಥವಾಗುತ್ತದೆ.

ಇನ್ನೊಂದು ಮಾತು. ಮಿಲಿಟರಿ ಜೀಪಿನಂತೆ ಕಾಣಲೆಂದು ಆಲಿವ್ ಹಸಿರು ಬಣ್ಣ ಬಳಿಯುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 121ರಂತೆ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು.

ಚರ್ಚೆಗೆ: ನಿಮ್ಮ ಮನೆಯವರು ಮಾರಿದ ಬೈಕ್ ಅಥವಾ ಸ್ಕೂಟರಿನ ಆರ್‌ಸಿ ಈಗ ಯಾರ ಹೆಸರಿನಲ್ಲಿದೆ? ಇಂದೇ ಕೇಳಿ ನೋಡಿ.