ಕಾರ್ಡ್ ಬದಲಿಸಬಹುದು, ಆದರೆ ಮೊದಲ ಖರ್ಚು ಅದಲ್ಲ

ಪ್ರಶ್ನೆ: ಗೋಕಾಕದಲ್ಲಿ ಮನೆ ನಕ್ಷೆ ಮಾಡಿಕೊಡುತ್ತೇನೆ. ಸೆಕೆಂಡ್ ಹ್ಯಾಂಡ್ ಡೆಲ್ ಪ್ರಿಸಿಷನ್ ಎಂ4800 ಇದೆ, ಅದರಲ್ಲಿ ಕ್ವಾಡ್ರೋ ಕೆ1100ಎಂ ಕಾರ್ಡ್. ತ್ರೀಡಿ ಮಾಡೆಲ್ ತಿರುಗಿಸಿದರೆ ತಡವರಿಸುತ್ತದೆ. ಕೆ2100ಎಂ ಹಾಕಿಸಲೇ?

ಉತ್ತರ: ಹಾಕಿಸಬಹುದು. ನಿಮ್ಮ ಲ್ಯಾಪ್‌ಟಾಪಿನ ಕಾರ್ಡ್ ಮದರ್‌ಬೋರ್ಡಿಗೆ ಬೆಸೆದದ್ದಲ್ಲ, ಎಂಎಕ್ಸ್‌ಎಂ ಸ್ಲಾಟಿನಲ್ಲಿ ಕೂತದ್ದು. ಈ ಮಾದರಿಗೆ ಡೆಲ್ ಎರಡೂ ಕಾರ್ಡ್ ಕೊಡುತ್ತಿತ್ತು. ಕೋರ್‌ಗಳು 384ರಿಂದ 576ಕ್ಕೆ ಏರುತ್ತವೆ. ಮೆಮೊರಿ ಮಾತ್ರ ಅದೇ 2 ಜಿಬಿ.

ಹಾಗಾಗಿ ದುಡ್ಡು ಬಿಚ್ಚುವ ಮುನ್ನ, ಮಾಡೆಲ್ ತಡವರಿಸುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ರ‍್ಯಾಮ್ ತುಂಬಿದ್ದರೆ 16 ಜಿಬಿ ಮಾಡಿಸಿ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ನಾನಾಗಿದ್ದರೆ ಇಲ್ಲಿಂದಲೇ ಶುರು ಮಾಡುತ್ತಿದ್ದೆ. ಅಲ್ಲಿ ಗ್ರಾಫಿಕ್ಸ್ ಬಳಕೆ ಒಂದೇ ಶೇಕಡಾ ನೂರರ ಹತ್ತಿರ ನಿಂತಿದ್ದರೆ ಮಾತ್ರ ಕಾರ್ಡ್ ಕೊಳ್ಳಿ.

ಡೆಲ್‌ಗೆ ಬಂದ ಕಾರ್ಡನ್ನೇ ಕೇಳಿ. ಎಚ್‌ಪಿಯಿಂದ ಬಿಚ್ಚಿದ್ದರ ವಿಬಯಾಸ್ (ಕಾರ್ಡಿನದೇ ಬಯಾಸ್) ಬೇರೆ, ಪರದೆಯೇ ಬಾರದಿರಬಹುದು. ಮೊದಲು ಬಯಾಸ್ ಅಪ್‌ಡೇಟ್ ಮಾಡಿ, ಆಮೇಲೆ ಚಾರ್ಜರ್, ಬ್ಯಾಟರಿ ಎರಡನ್ನೂ ತೆಗೆಯಿರಿ. ಕಾರ್ಡ್ ಕೂರಿಸುವಾಗ ದೊಡ್ಡ ಚಿಪ್ಪಿಗೆ ಹೊಸ ಪೇಸ್ಟ್ ಸಾಕು. ಮೆಮೊರಿ ಚಿಪ್ಪಿನ ಮೇಲಿನ ಪ್ಯಾಡ್ ಹರಿದಿದ್ದರೆ ಅದೇ ದಪ್ಪದ್ದು ಬೇಕು, ಅಲ್ಲಿ ಪೇಸ್ಟ್ ಬಳಿಯಬೇಡಿ.

ಹೀಟ್‌ಸಿಂಕ್ ಬಿಚ್ಚಿ ರೂಢಿ ಇಲ್ಲವೇ? ಬೆಳಗಾವಿಯಲ್ಲಿ ಚಿಪ್ ಲೆವೆಲ್ ರಿಪೇರಿ ಮಾಡುವವರಿಗೆ ಕೊಡಿ. ಹಣ ಕೊಡುವ ಮೊದಲು ಅಂಗಡಿಯಲ್ಲೇ ನಿಮ್ಮ ಮಾಡೆಲ್ ತೆರೆದು ಅರ್ಧ ಗಂಟೆ ಕೆಲಸ ಮಾಡಿ ನೋಡಿ.