ದಾಸೋಹಭಾವವೂ ಸ್ನೇಹಧರ್ಮವೂ

ದಾನ ಬೇರೆ, ದಾಸೋಹ ಬೇರೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ; 'ನಾನು ಕೊಟ್ಟೆ' ಎಂಬ ಅಹಂಭಾವಕ್ಕೆ ಅಲ್ಲಿ ಎಡೆಯುಂಟು. ದಾಸೋಹದಲ್ಲಿಯಾದರೋ ಮಾಡುವವನು ದಾಸನೇ ಹೊರತು ದಾನಿಯಲ್ಲ. ಹನ್ನೆರಡನೆಯ ಶತಮಾನದ ಶರಣರು ಕಲಿಸಿದ ಈ ಭೇದವು ಅನ್ನದಾನಕ್ಕೆ ಮಾತ್ರ ಸಲ್ಲುವುದೆಂದು ತಿಳಿಯಲಾಗದು. ಎಂದೂ ನೀಗದ ಕಷ್ಟಕ್ಕೆ ಸಿಲುಕಿದ ಸ್ನೇಹಿತರ ಮನೆಯಲ್ಲಿ ಅದರ ನಿಜವಾದ ಪರೀಕ್ಷೆ ನಡೆಯುತ್ತದೆ.

ಅಡಕೆಯ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಗೃಹಸ್ಥನೊಬ್ಬನನ್ನು ಭಾವಿಸಿಕೊಳ್ಳಬಹುದು. ಹುರಿಯು ಪೂರ್ಣವಾಗಿ ಘಾಸಿಗೊಂಡಲ್ಲಿ ಅದರ ಕೆಳಭಾಗದ ಚಲನೆಯೂ ಸ್ಪರ್ಶಜ್ಞಾನವೂ ಸಾಮಾನ್ಯವಾಗಿ ಮರಳುವುದಿಲ್ಲ. ಮಲಮೂತ್ರಗಳ ಹಿಡಿತವೂ ತಪ್ಪುತ್ತದೆ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಹಾಸಿಗೆಹುಣ್ಣು ಏಳುವುದು. ಆದಕಾರಣ ತಾನಾಗಿ ಹೊರಳಲಾರದವನನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವೈದ್ಯರು ಸೂಚಿಸುವುದು ರೂಢಿ. ಈ ಕಾರ್ಯಕ್ಕೆ ಹಗಲಿರುಳುಗಳ ಭೇದವಿಲ್ಲ. ಪತಿಯು ಕಾಲಿನ ಬಲವನ್ನು ಕಳೆದುಕೊಂಡಂದೇ ಪತ್ನಿಯು ರಾತ್ರಿಯ ನಿದ್ರೆಯನ್ನು ಕಳೆದುಕೊಳ್ಳುತ್ತಾಳೆ.

ಮೊದಲ ತಿಂಗಳು ಅಂಥ ಮನೆಯ ತುಂಬ ಜನ. ಹಣ್ಣು ತರುವವರು, ನಿಟ್ಟುಸಿರು ಬಿಡುವವರು, ಪೂರ್ವಕರ್ಮದ ಮಾತೆತ್ತಿ ನೊಂದವರನ್ನು ಮತ್ತೆ ನೋಯಿಸುವವರು ಎಲ್ಲರೂ ಬಂದುಹೋಗುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಹೊಸ್ತಿಲು ತುಳಿಯುವವರು ವಿರಳರಾಗುತ್ತಾರೆ. ವೈಕಲ್ಯವು ನಿತ್ಯದ್ದಾದ ಮೇಲೆ ನೆರವೂ ನಿತ್ಯನೇಮದಂತೆ ನಡೆಯಬೇಕಷ್ಟೆ. 'ಏನಾದರೂ ಬೇಕಾದರೆ ಹೇಳಿಕಳುಹಿಸು' ಎಂಬ ಮಾತು ಸದ್ಭಾವದ್ದೇ ಆದರೂ ಬೇಡುವ ಸಂಕೋಚವನ್ನು ಅದು ದಣಿದವಳ ಮೇಲೆಯೇ ಹೊರಿಸುತ್ತದೆ. 'ಪ್ರತಿ ಸೋಮವಾರ ರಾತ್ರಿ ನಾವಿಬ್ಬರೂ ಬರುತ್ತೇವೆ. ಮಗ್ಗುಲು ಬದಲಿಸುವ ಬಗೆಯನ್ನು ತೋರಿಸಿಕೊಡು. ಆಮೇಲೆ ನೀನು ಒಳಗೆ ಹೋಗಿ ಮಲಗು' ಎಂದು ಗೆಳತಿಯು ತನ್ನ ಪತಿಯೊಡನೆ ಬಂದು ಹೇಳಿದರೆ, ಅದು ದಾಸೋಹ.

ನೆರವಿಗೂ ಒಂದು ಮಿತಿಯುಂಟು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರಲು, ಪತ್ನಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರಹೇಳಿದ ಕಥೆಯು ಪ್ರಸಿದ್ಧವಾಗಿದೆ. ಬಡವರ ಮನೆಗೂ ಅದರದೇ ಆದ ಘನತೆಯುಂಟೆಂಬುದನ್ನು ಈ ಕಥೆಯಿಂದ ಅರಿಯಬೇಕು. ಕೇಳದೆ ಹಣ ಸುರಿಯುವುದು, ಮನೆಯ ಯಜಮಾನಿಕೆಯನ್ನು ತಾವೇ ವಹಿಸಿಕೊಳ್ಳುವುದು, ಮಾಡಿದ್ದನ್ನು ನಾಲ್ವರೆದುರು ಹೇಳುವುದು ಸ್ನೇಹವಲ್ಲ. ಯಾವುದು ಬೇಕು, ಎಷ್ಟು ಬೇಕು ಎಂಬುದನ್ನು ನಿಶ್ಚಯಿಸುವ ಅಧಿಕಾರ ಆ ದಂಪತಿಗಳದೇ.

ಹಾಸಿಗೆಯಲ್ಲಿರುವವನನ್ನೂ ಮರೆಯಲಾಗದು. ಆತನೆದುರಿನಲ್ಲಿಯೇ 'ಇವರಿಗೆ ಊಟವಾಯಿತೇ?' ಎಂದು ಪತ್ನಿಯನ್ನು ಕೇಳುವವರು ಆತನನ್ನು ಲೆಕ್ಕದಿಂದ ಬಿಟ್ಟಂತಾಯಿತು. ಪ್ರಶ್ನೆಯನ್ನು ಆತನಿಗೇ ಹಾಕಬೇಕು. ಕಾಲು ಸೋತವನ ಕೈಯೂ ಬುದ್ಧಿಯೂ ಸೋತಿಲ್ಲದಿದ್ದರೆ ತೋಟದ ಲೆಕ್ಕ ಬರೆಯುವುದು, ಮಕ್ಕಳಿಗೆ ಪಾಠ ಹೇಳುವುದು ಮೊದಲಾದ ಕಾಯಕವು ಆತನಿಗೂ ಉಂಟು. ಅದಕ್ಕೆ ಅನುವು ಮಾಡಿಕೊಡುವುದೂ ಸೇವೆಯೇ.

ಇನ್ನು ಸರ್ಕಾರದ ಸೌಲಭ್ಯಗಳ ವಿಷಯ. 1995ರ ಕಾನೂನು 7 ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಗಳನ್ನು ಗುರುತಿಸುತ್ತದೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಸರ್ಕಾರಗಳು ತಮ್ಮ ಆರ್ಥಿಕ ಶಕ್ತಿಯ ಮಿತಿಯಲ್ಲಿ ಯೋಜಿಸಬೇಕೆಂದೂ ಹೇಳುತ್ತದೆ. ಆದರೆ ಎರಡು ಗಂಟೆಗೊಮ್ಮೆ ಮನೆಯಲ್ಲಿರಲೇಬೇಕಾದವಳು ಪ್ರಮಾಣಪತ್ರಕ್ಕೂ ಗುರುತಿನ ಚೀಟಿಗೂ ಕಚೇರಿಯಿಂದ ಕಚೇರಿಗೆ ಅಲೆಯುವುದೆಂತು? ಆ ಓಡಾಟವನ್ನು ಸ್ನೇಹಿತರು ವಹಿಸಿಕೊಳ್ಳಬಹುದು.

ಇವುಗಳಲ್ಲಿ ಯಾವುದೂ ಮಹತ್ಕಾರ್ಯವೆನಿಸದು. ಯಾವುದಕ್ಕೂ ಕೀರ್ತಿ ಬಾರದು. ನೋಡಬಂದವರೆಲ್ಲ ನಿಂತ ಮೇಲೆಯೂ ಸೋಮವಾರದ ರಾತ್ರಿ ಬಾಗಿಲು ತಟ್ಟುವ ಕೈ ಇದ್ದರೆ, ಆ ಮನೆಯಲ್ಲಿ ಒಬ್ಬಳು ಬೆಳಗಿನವರೆಗೆ ನಿದ್ರಿಸುತ್ತಾಳೆ. ಶರಣಮಾರ್ಗದಲ್ಲಿ ನಡೆಯುವವರು ತಮ್ಮ ಊರಿನಲ್ಲಿ ಅಂಥ ಮನೆ ಯಾವುದೆಂದು ಇಂದೇ ವಿಚಾರಿಸಿಕೊಳ್ಳಬೇಕು.